ಸ್ವಾಮಿಯ ಮುಂದಿಟ್ಟ ಬೋರ್ಡು

"ಚಪ್ಪಲಿ ಬಿಟ್ಟು ಹತ್ತಮ್ಮ," ಎಂದ ಆದಿನಾರಾಯಣಪ್ಪ.

ಕಾರ್ಖಾನೆಯಲ್ಲಿ ಬೋರ್ಡು ಪರೀಕ್ಷೆ ಮಾಡುವ ಅಕ್ಷತ ಚಪ್ಪಲಿ ಬಿಟ್ಟು ಸ್ಟೂಲ್ ಹತ್ತಿದಳು. ಗೋಡೆಯ ಹಲಗೆಯ ಮೇಲೆ ಘಾಟಿ ಸುಬ್ರಹ್ಮಣ್ಯಸ್ವಾಮಿಯ ಪಟ. ಪಟದ ಮುಂದೆ ಒಣಗಿದ ಚೆಂಡುಹೂವು, ಊದುಬತ್ತಿಯ ಬೂದಿ, ಸಾಲಾಗಿ ಒರಗಿಸಿಟ್ಟ ಹನ್ನೊಂದು ಹಸಿರು ಸರ್ಕ್ಯೂಟ್ ಬೋರ್ಡುಗಳು. ಒಂದೊಂದೂ ಅಂಗೈ ಅಗಲ.

ಮೇವು ಕತ್ತರಿಸುವ ಯಂತ್ರ ಮಾಡುವ ಬಾಶೆಟ್ಟಿಹಳ್ಳಿಯ ಆ ಕಾರ್ಖಾನೆಯಲ್ಲಿ ಅದು ಮೊದಲಿಂದ ನಡೆದು ಬಂದ ಪದ್ಧತಿ. ಹೊಸ ಲಾಟು ಶುರುವಾದಾಗ ಪ್ರೋಗ್ರಾಂ ಮಾಡಿದವರೇ ಮೊದಲ ಬೋರ್ಡಿಗೆ ಅದನ್ನು ತುಂಬಿ, ಕೈಯಾರೆ ಬೊಟ್ಟಿಟ್ಟು ಸ್ವಾಮಿಯ ಮುಂದೆ ಇಡಬೇಕು. ಆ ಬೋರ್ಡನ್ನು ಮಾರುವುದಿಲ್ಲ, ಮುಟ್ಟುವುದೂ ಇಲ್ಲ. ಮಾಲೀಕ ಮುನಿಕೃಷ್ಣನ ನೇಮ ಅದು. ಪೊಲೀಸರು ಬೀರು, ಗೋಡೌನು, ಕಂಪ್ಯೂಟರು ಎಲ್ಲ ಜಾಲಾಡಿದ್ದರು. ದೇವರ ಕಡೆ ಯಾರೂ ತಲೆ ಎತ್ತಿ ನೋಡಿರಲಿಲ್ಲ.

"ಒಂಬತ್ತನೇ ಲಾಟು," ಎಂದು ಅಕ್ಷತ ಒಂದು ಬೋರ್ಡನ್ನು ಎರಡು ಕೈಯಲ್ಲಿ ಹಿಡಿದು ಇಳಿದಳು. ಇಳಿದು, ಅಭ್ಯಾಸ ಬಲದಿಂದ ಅದನ್ನು ಕಣ್ಣಿಗೊತ್ತಿಕೊಂಡಳು.

ಕುಂದಾಣದ ಆವಲಪ್ಪ ಮೇವು ಕತ್ತರಿಸುವ ಯಂತ್ರದ ಬಾಯಿಗೆ ತೋಳು ಕೊಟ್ಟು ಸತ್ತು ಐದು ವಾರ. ಒಂಬತ್ತನೇ ಲಾಟಿನ ಆ ಯಂತ್ರದ ಬೋರ್ಡಿಗೆ ಪ್ರೋಗ್ರಾಂ ಮಾಡಿದ ಕವಿತಳನ್ನು ಬಂಧಿಸಲು ಇನ್ಸ್‌ಪೆಕ್ಟರ್ ಪ್ರಿಯಾಂಕ ಇವತ್ತು ಮಧ್ಯಾಹ್ನ ನಾಲ್ಕಕ್ಕೆ ಇದೇ ಕಾರ್ಖಾನೆಯ ಹಾದಿಯಾಗಿ ಹೊರಡುವವಳಿದ್ದಳು. ಈಗ ಎರಡೂಕಾಲು.

ಕವಿತ ಆದಿನಾರಾಯಣಪ್ಪನ ಮಗಳಲ್ಲ, ಸೊಸೆಯಲ್ಲ. ಅವನ ಗೆಳೆಯ ಗೋಪಾಲಪ್ಪನ ಸೊಸೆ. ಆದಿನಾರಾಯಣಪ್ಪ ಸಬ್‌ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾಗಿ ಸೂಲಿಬೆಲೆಯಲ್ಲಿ ಕೂತು ಎಂಟು ವರ್ಷ. ಗೋಪಾಲಪ್ಪ ಈ ಜುಲೈಯಲ್ಲಿ ತೀರಿಕೊಂಡ. ನಲವತ್ತು ವರ್ಷದ ಸ್ನೇಹ. ಅವನ ಚಟ್ಟಕ್ಕೆ ಹೆಗಲು ಕೊಟ್ಟ ದಿನದಿಂದ ಆದಿನಾರಾಯಣಪ್ಪನಿಗೆ ಅಳುವೂ ಬಂದಿರಲಿಲ್ಲ, ಬೇರೆ ಏನೂ ಬಂದಿರಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡುತ್ತಿದ್ದ, ದೀಪ ಹಚ್ಚುತ್ತಿದ್ದ, ವೆಂಕಟರಮಣನ ಹೆಸರು ಹೇಳುತ್ತಿದ್ದ. ನಾಲಗೆ ಹೇಳುತ್ತಿತ್ತು. ಒಳಗೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಗೋಪಾಲಪ್ಪನ ಹೆಂಡತಿ ವರಲಕ್ಷ್ಮಮ್ಮ ಬಂದು ಅಂಗಳದಲ್ಲಿ ನಿಂತು, ಸೊಸೆಯನ್ನು ಉಳಿಸಿಕೊಡು ಎಂದಿದ್ದಳು. ಆಗಲಿ ಎಂದಿದ್ದ. ಅಷ್ಟೆ.

ಅಕ್ಷತ ಬೋರ್ಡನ್ನು ಪರೀಕ್ಷೆಯ ಮೇಜಿನ ಮೇಲೆ ಇಟ್ಟು ವೈರು ಜೋಡಿಸಿದಳು. ಮೋಟಾರಿನ ಬದಲು ಒಂದು ಕೆಂಪು ದೀಪ. ಯಂತ್ರದ ಮುಚ್ಚಳದ ಬದಲು ಒಂದು ಸ್ವಿಚ್ಚು. ಮುಚ್ಚಳ ತೆರೆದ ಕೂಡಲೇ ಮೋಟಾರು ನಿಲ್ಲಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ.

"ಈಗ ಮುಚ್ಚಳ ತೆಗೀತೀನಿ ಸಾರ್. ನೋಡ್ತಾ ಇರಿ."

ಸ್ವಿಚ್ಚು ಚಿಟಕ್ಕೆಂದಿತು. ದೀಪ ಉರಿಯುತ್ತಲೇ ಇತ್ತು.

ಒಂದು. ಎರಡು. ಮೂರು.

ಆಮೇಲೆ ಆರಿತು.

ಮೇವು ಸಿಕ್ಕಿಕೊಂಡಿತೆಂದು ಮುಚ್ಚಳ ಎತ್ತಿ ಕೈ ಹಾಕುವವನಿಗೆ ಆ ಮೂರು ಸೆಕೆಂಡು ಎಷ್ಟು ದೊಡ್ಡದು ಎಂದು ಆದಿನಾರಾಯಣಪ್ಪ ಲೆಕ್ಕ ಹಾಕಿದ. ಆವಲಪ್ಪನ ಹೆಂಡತಿ ಪಾಪಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳಂತೆ. ಕೂಗು ಕೇಳಿಸಲಿಲ್ಲವಂತೆ. ಯಂತ್ರದ ಸದ್ದು ಬದಲಾದದ್ದು ಕೇಳಿಸಿತಂತೆ.

"ಇನ್ನೊಂದ್ಸಲ ಮಾಡಲಾ?" ಎಂದಳು ಅಕ್ಷತ.

"ಬೇಡ."

ಅವಳು ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಅದನ್ನು ಅಣಿ ಮಾಡಲು ಅವಳಿಗೆ ಬೆಳಿಗ್ಗೆಯೆಲ್ಲ ಹಿಡಿದಿತ್ತು. ಕವಿತಳ ಕಂಪ್ಯೂಟರಿನಲ್ಲಿ ಇದ್ದ ಅದೇ ಆವೃತ್ತಿಯ ಸಾಫ್ಟ್‌ವೇರು, ಅದೇ ಚಿಪ್ಪಿನ ಹೆಸರು, ಅದರ ಯಾವ ಕಾಲಿಗೆ ಯಾವ ವೈರು ಎಂಬ ಅದೇ ಪಟ್ಟಿ. ಒಂದು ತಪ್ಪಿದರೂ ಹೋಲಿಕೆ ಕೂಡುವುದಿಲ್ಲವಂತೆ.

ವಿಷಯವನ್ನು ಅವಳು ಮುದುಕನಿಗೆ ಮೂರು ದಿನದಿಂದ ಬಿಡಿಸಿ ಹೇಳುತ್ತಿದ್ದಳು. ಇಲ್ಲಿ ಪ್ರೋಗ್ರಾಮನ್ನು ಯಾರೂ ಸಾಲುಸಾಲಾಗಿ ಬರೆಯುವುದಿಲ್ಲ. ಪರದೆಯ ಮೇಲೆ ಚೌಕಗಳನ್ನು ಇಡುತ್ತಾರೆ. ಒಂದು ಚೌಕ ಮುಚ್ಚಳದ ಸ್ವಿಚ್ಚು, ಒಂದು ಮೋಟಾರು, ನಡುವಿನದು ಎಷ್ಟು ಹೊತ್ತು ಕಾಯಬೇಕೆಂಬುದು. ಚೌಕಗಳ ನಡುವೆ ಗೆರೆ ಎಳೆಯುತ್ತಾರೆ. ಆ ಚಿತ್ರಕ್ಕೆ ಮಾಡೆಲ್ ಎಂದು ಹೆಸರು. ಗುಂಡಿ ಒತ್ತಿದರೆ ಕಂಪ್ಯೂಟರೇ ಚಿತ್ರವನ್ನು ಓದಿ ಕೋಡ್ ಬರೆದು, ಯಾರು ಯಾವಾಗ ಬರೆಸಿದರೆಂದು ಮೇಲೆ ಮುದ್ರೆ ಒತ್ತುತ್ತದೆ. ಆ ಕೋಡನ್ನು ಕೇಬಲ್ಲಿನ ಮೂಲಕ ಚಿಪ್ಪಿಗೆ ತುಂಬಿದರೆ ಮುಗಿಯಿತು.

ಈಗ ಅವಳು ಕವಿತಳ ಚಿತ್ರದಿಂದ ಹೊಸದಾಗಿ ಕೋಡ್ ಬರೆಸಿ, ಸ್ವಾಮಿಯ ಮುಂದಿದ್ದ ಬೋರ್ಡಿನೊಳಗಿನದನ್ನು ಓದಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟಳು. ಸಾವಿರಾರು ಅಂಕಿ. ಎಲ್ಲ ಒಂದೇ. ಒಂದು ಕಡೆ ಮಾತ್ರ ಬೇರೆ.

"ಚಿತ್ರದಲ್ಲಿ ಐವತ್ತು ಇದೆ ಸಾರ್. ಅಂದ್ರೆ ಒಂದು ಸೆಕೆಂಡನ್ನ ಸಾವಿರ ಪಾಲು ಮಾಡಿದ್ರೆ ಐವತ್ತು ಪಾಲು. ಬೋರ್ಡಲ್ಲಿ ಮೂರು ಸಾವಿರ ಇದೆ."

"ಚಿತ್ರ ಮುಟ್ಟಿಲ್ಲ. ಕೋಡನ್ನ ಕೈಯಲ್ಲಿ ತಿದ್ದಿದ್ದಾರೆ."

"ಹೂಂ. ಕವಿತಕ್ಕ ನಮಗೆ ಮೊದಲ ದಿನ ಹೇಳ್ಕೊಟ್ಟಿದ್ದೇ ಅದು. ಕಂಪ್ಯೂಟರ್ ಬರೆದಿದ್ದನ್ನ ಕೈಯಲ್ಲಿ ತಿದ್ದಬೇಡ್ರೇ, ಮುಂದಿನ ಸಲ ಗುಂಡಿ ಒತ್ತಿದ್ರೆ ಎಲ್ಲ ಅಳಿಸಿಹೋಗತ್ತೆ, ಬೇಕಾದ್ರೆ ಚಿತ್ರಾನೇ ತಿದ್ದಿ ಅಂತ."

ಬೀಜ ಬಿಟ್ಟು ತೆನೆಗೆ ಬಣ್ಣ ಬಳಿದ ಹಾಗೆ, ಎಂದುಕೊಂಡ ಆದಿನಾರಾಯಣಪ್ಪ. ಬಿತ್ತನೆ ಗೊತ್ತಿದ್ದವರು ಹಾಗೆ ಮಾಡುವುದಿಲ್ಲ.

ಅಕ್ಷತ ಇನ್ನೊಂದು ಸಂಗತಿ ತೋರಿಸಿದಳು. ಕವಿತಳ ಕಂಪ್ಯೂಟರಿನಲ್ಲಿ ಉಳಿದಿದ್ದ ಒಂಬತ್ತನೇ ಲಾಟಿನ ಕೋಡಿನ ಕಡತದ ಮೇಲಿನ ಮುದ್ರೆಯಲ್ಲಿ ಜುಲೈ ಹದಿನೇಳು, ಮಧ್ಯಾಹ್ನ ಮೂರು ನಲವತ್ತು, ಕವಿತ ಎಂದಿತ್ತು. ಪೊಲೀಸರು ನೋಡಿದ್ದು ಅಷ್ಟೆ. ಆದರೆ ಅದೇ ಕಡತವನ್ನು ಕಡೆಯ ಸಲ ಉಳಿಸಿದ ಹೊತ್ತು ಐದು ಗಂಟೆ ಐದು ನಿಮಿಷ.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಉತ್ಪಾದನೆ ನೋಡಿಕೊಳ್ಳುವ ಅಂಬರೀಶ್. ಮುಂಗೈವರೆಗೆ ಮಡಿಚಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು.

"ಸ್ವಾಮೀನೂ ತನಿಖೆಗೆ ಕರೆಸಿದ್ರಾ ಸಾರ್?" ಎಂದ. "ಹೇಳಿಕೆ ಏನು ಕೊಟ್ಟ?"

"ಮೂರು ಸೆಕೆಂಡು ಅಂದ."

ಅಂಬರೀಶ್ ನಗಲು ಹೋಗಿ ಬಿಟ್ಟ. ಬಂದು ಕುರ್ಚಿ ಎಳೆದುಕೊಂಡು ಕೂತ. ಹಾಗಾದರೆ ಕವಿತಳದೇ ತಪ್ಪು ಎಂದು ಖಚಿತವಾಯಿತಲ್ಲ ಎಂದ. ಪ್ರೋಗ್ರಾಂ ಮಾಡಿದವರೇ ಮೊದಲ ಬೋರ್ಡು ತುಂಬಿ ಪೂಜೆಗೆ ಇಡುವುದು. ಅದರಲ್ಲೇ ಮೂರು ಸೆಕೆಂಡು ಇದ್ದ ಮೇಲೆ ಇನ್ನಾರದು? ಚಿತ್ರದ ಮಾತು ಬಿಡಿ, ಚಿತ್ರ ಸರಿಯಿದೆ ಎಂದು ತೋರಿಸಿ ಬಚಾವಾಗಲಿಕ್ಕೆಂದೇ ಬೇಕೆಂತಲೇ ಕೋಡನ್ನು ತಿದ್ದಿರಬಹುದು. ಒಳ್ಳೆಯ ಹುಡುಗಿಯೇ. ಆದರೂ ಏನು ಮಾಡುವುದು.

ಆದಿನಾರಾಯಣಪ್ಪ ಪೂರ್ತಿ ಕೇಳಿಸಿಕೊಂಡ. ಬೋರ್ಡನ್ನು ತಿರುಗಿಸಿ ಅಂಬರೀಶನ ಮುಂದೆ ಇಟ್ಟ.

"ಈ ಬೊಟ್ಟು ಇಟ್ಟವರು ಯಾರು?"

"ಹೇಳಿದ್ನಲ್ಲ. ಕವಿತ."

"ತಾರೀಕು?"

"ಹಿಂದ್ಗಡೆ ಸ್ಟಿಕ್ಕರ್ ಇದೆ ನೋಡಿ. ಜುಲೈ ಹದಿನೇಳು."

"ಗೋಪಾಲಪ್ಪ ಹೋಗಿದ್ದು ಹದಿನಾಲ್ಕಕ್ಕೆ. ಹದಿನಾರಕ್ಕೆ ಹಾಲುತುಪ್ಪ ಬಿಟ್ವಿ. ಹದಿನೇಳು ಅಂದ್ರೆ ಸೂತಕದ ನಾಲ್ಕನೇ ದಿನ. ನಾನು ಆ ಮನೆ ಜಗಲಿ ಮೇಲೇ ಕೂತಿದ್ದೆ. ದೇವರಮನೆಗೆ ಬಾಗಿಲು ಹಾಕಿತ್ತು. ಆ ಮನೆ ಸೊಸೆ ಇಲ್ಲಿಗೆ ಬಂದು ಸ್ವಾಮಿಗೆ ಕುಂಕುಮ ಇಟ್ಟಳಾ?"

"ಈಗಿನೋರು ಅದೆಲ್ಲ ಎಲ್ಲಿ ನೋಡ್ತಾರೆ ಸಾರ್."

"ಆಮೇಲೆ?"

"ಆಮೇಲೆ ಏನು? ಸೂತಕ ಅಂತ ಕೋರ್ಟಲ್ಲಿ ಹೇಳ್ತೀರಾ? ಜಡ್ಜು ಪಂಚಾಂಗ ತರಿಸ್ತಾರಾ?" ಅಂಬರೀಶ್ ಅಕ್ಷತಳ ಕಡೆ ನೋಡಿದ, ಅವಳಾದರೂ ನಗಲಿ ಎಂದು. ಅವಳು ನಗಲಿಲ್ಲ.

"ಅಕ್ಷತ, ಮೇಲಿರೋ ಇನ್ನೊಂದು ಬೋರ್ಡು ತಗೊಂಡು ಬಾಮ್ಮ. ಕವಿತ ಇಟ್ಟಿದ್ದು ಯಾವುದಾದ್ರೂ ಆಗತ್ತೆ."

ಅವಳು ಹತ್ತಿ ಎಂಟನೇ ಲಾಟಿನದನ್ನು ತಂದಳು. ಆದಿನಾರಾಯಣಪ್ಪ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟ. ಎಂಟನೆಯದರ ಮೂಲೆಯಲ್ಲಿ ದುಂಡನೆಯ ಅರಿಸಿನ, ಅದರ ನಡುವೆ ಕಿರುಬೊಟ್ಟು ಕುಂಕುಮ. ಒಂಬತ್ತನೆಯದರಲ್ಲಿ ಅರಿಸಿನವೇ ಇಲ್ಲ. ಬರೀ ಕುಂಕುಮ, ಹೆಬ್ಬೆಟ್ಟಿನಲ್ಲಿ ಎಳೆದದ್ದು, ಉದ್ದಕ್ಕೆ.

"ಕವಿತ ಇಲ್ಲಿ ಆರು ಲಾಟು ಮಾಡಿದ್ದಾಳೆ. ಇಲ್ಲಿಂದಲೇ ಕಾಣತ್ತೆ, ಆರರಲ್ಲಿ ಐದಕ್ಕೆ ಅರಿಸಿನ ಇದೆ. ಇದೊಂದಕ್ಕಿಲ್ಲ. ಮುತ್ತೈದೆ ಕೈ ಅರಿಸಿನ ಮರೆಯಲ್ಲ ಅಂಬರೀಶ್. ಅವಸರದಲ್ಲಿದ್ದ ಗಂಡಸಿನ ಕೈ ಮರೆಯತ್ತೆ."

ಹೊರಗೆ ಪಾಳಿ ಬದಲಾಗುವ ಗಂಟೆ ಹೊಡೆಯಿತು. ಕಾರಿಡಾರಿನಲ್ಲಿ ಊಟದ ಡಬ್ಬಿಗಳ ಸದ್ದು ಹಾದುಹೋಯಿತು. ಅಂಬರೀಶ್ ತನ್ನ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಿಚಿದ. ಮಡಿಚಿದ್ದು ತನಗೇ ಕಂಡು ಮತ್ತೆ ಬಿಡಿಸಿದ.

"ಇಪ್ಪತ್ತು ವರ್ಷ ಸರ್ವೀಸ್ ಸಾರ್ ನಂದು."

"ಹೇಳಿ."

ಅವನು ಹೇಳಿದ. ಮಾರನೆಯ ಬೆಳಿಗ್ಗೆ ಒಂಬತ್ತನೇ ಲಾಟು ಹೋಗಲೇಬೇಕಿತ್ತು. ಕವಿತ ಸೂತಕದಲ್ಲೇ ಬಂದು ಕೋಡ್ ಬರೆಸಿ ಹೋದಳು. ನಾನು ಸ್ವಾಮಿಯನ್ನು ಮುಟ್ಟುವ ಹಾಗಿಲ್ಲ, ಮೊದಲ ಬೋರ್ಡು ನೀವೇ ಯಾರ ಕೈಯಲ್ಲಾದರೂ ಇಡಿಸಿ ಎಂದು ಹೇಳಿಯೇ ಹೋದಳು. ಪರೀಕ್ಷೆ ಮಾಡಬೇಕಾದ ಅಕ್ಷತ ಅವತ್ತು ರಜೆ. ಅಂಬರೀಶ್ ತಾನೇ ಕವಿತಳ ಮೇಜಿಗೆ ಹೋಗಿ, ಅಲ್ಲಿದ್ದ ಕೋಡನ್ನು ಬೋರ್ಡಿಗೆ ತುಂಬಿ, ದೀಪ ಹತ್ತಿ ಆರುವುದನ್ನಷ್ಟೇ ನೋಡಿದ. ಎಷ್ಟು ಹೊತ್ತಿಗೆ ಆರಿತೆಂದು ನೋಡಲಿಲ್ಲ. ಬೊಟ್ಟಿಟ್ಟು, ಪರೀಕ್ಷೆಯಾಯಿತೆಂದು ಸಹಿ ಹಾಕಿ, ಲಾಟು ಕಳಿಸಿದ.

"ಮುನಿಕೃಷ್ಣ ಸಾರಿಗೆ ಗೊತ್ತಾದ್ರೆ ಪರೀಕ್ಷೆ ಬಿಟ್ಟಿದ್ದಕ್ಕಿಂತ ದೇವರಿಗೆ ಸುಳ್ಳು ಹೇಳಿದ್ದಕ್ಕೇ ಮನೆಗೆ ಕಳಿಸ್ತಾರೆ," ಎಂದ. "ಆದ್ರೆ ನಾನು ತಿದ್ದಿಲ್ಲ ಸಾರ್. ನನಗೆ ತಿದ್ದೋದಕ್ಕೆ ಬರಲ್ಲ. ನನ್ನ ಮಕ್ಕಳ ಮೇಲೆ ಆಣೆ."

"ಎಷ್ಟು ಗಂಟೆಗೆ ಹೋದ್ರಿ ಅವಳ ಮೇಜಿಗೆ?"

"ಐದು ಕಾಲು. ಕಂಪ್ಯೂಟರ್ ಲಾಕ್ ಆಗಿರಲಿಲ್ಲ. ಈಗ ತಾನೇ ಎದ್ದು ಹೋದಳೇನೋ ಅಂದ್ಕೊಂಡೆ. ಕುರ್ಚಿ ಇನ್ನೂ ಬೆಚ್ಚಗಿತ್ತು."

ಆದಿನಾರಾಯಣಪ್ಪ ಅವನ ಮುಖ ನೋಡಿದ. ಮೂವತ್ತೈದು ವರ್ಷ ಸುಳ್ಳುಗಾರರನ್ನು ನೋಡಿದ ಕಣ್ಣು. ಸುಳ್ಳು ಹೇಳುವವನು ಕುರ್ಚಿಯ ಬಿಸಿ ಹೇಳುವುದಿಲ್ಲ.

"ಅವಳು ಹೊರಟಿದ್ದು ಎಷ್ಟಕ್ಕೆ?"

"ಅದು ಗೇಟ್ ಪುಸ್ತಕದಲ್ಲಿರತ್ತೆ."

ಗೇಟಿನ ಅಪ್ಪಯ್ಯಣ್ಣ ಪುಸ್ತಕವನ್ನು ಟವಲಿನಲ್ಲಿ ಸುತ್ತಿ ಇಟ್ಟಿದ್ದ. ಪೊಲೀಸರು ಕೇಳಲಿಲ್ಲವೇ ಎಂದರೆ, ಹೊಸ ಪುಸ್ತಕ ಕೇಳಿದರು, ಕೊಟ್ಟೆ. ಹಳೆಯದು ತುಂಬಿಹೋಗಿತ್ತು, ಒಳಗಿಟ್ಟೆ ಎಂದ.

"ಇಸ್ಕೂಲು ಬಿಟ್ಟ ಮೇಲೆ ನಾನು ಬರೆದ ಪುಸ್ತಕ ಇದೊಂದೇ ಕಣಣ್ಣ," ಎಂದು ಆದಿನಾರಾಯಣಪ್ಪನ ಕೈಗೆ ಕೊಟ್ಟ. "ಒಂದಕ್ಷರ ತಪ್ಪಿದ್ರೆ ಕೇಳು. ಎಂಟನೇ ಕ್ಲಾಸು ಪಾಸು ನಾನು."

ಜುಲೈ ಹದಿನೇಳರ ಪುಟ. ಅಕ್ಷರ ದುಂಡಗಿತ್ತು. ಕವಿತ ಮೇಡಂ, ಹೊರಗೆ, ನಾಲ್ಕು ಹತ್ತು. ಅವತ್ತು ಮತ್ತೆ ಒಳಗೆ ಬಂದಿಲ್ಲ. ಐದು ಗಂಟೆ ಐದಕ್ಕೆ ಕಡತ ತಿದ್ದಿದ ಕೈ ಅವಳದಲ್ಲ.

ಗೆದ್ದೆ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ. ಅಂಬರೀಶನ ಹೇಳಿಕೆ, ಈ ಪುಟ, ಕಡತದ ಹೊತ್ತು. ಮೂರನ್ನೂ ಇನ್ಸ್‌ಪೆಕ್ಟರ್ ಮುಂದಿಟ್ಟರೆ ಕವಿತ ಇವತ್ತು ಮನೆಯಲ್ಲಿ ಉಳಿಯುತ್ತಾಳೆ. ವರಲಕ್ಷ್ಮಮ್ಮನಿಗೆ ಕೊಟ್ಟ ಮಾತು ತೀರುತ್ತದೆ. ಆದಿನಾರಾಯಣಪ್ಪ ಪುಟದ ಮೇಲೆ ಬೆರಳಿಟ್ಟುಕೊಂಡು ಕೆಳಗಿನ ಸಾಲುಗಳಿಗೆ ಇಳಿದ.

ಅವಳು ಹೊರಟ ಮೇಲೆ ಹೊರಗಿನಿಂದ ಒಳಗೆ ಬಂದವರು ಒಬ್ಬರೇ. ನಾಲ್ಕು ನಲವತ್ತು. ಹೆಸರಿನ ಜಾಗದಲ್ಲಿ ಅಶೋಕ್ ಎಂದಿತ್ತು. ವಾಪಸು ಹೋದದ್ದು ಐದು ಹತ್ತು.

"ಕವಿತ ಮೇಡಂ ಯಜಮಾನ್ರು," ಎಂದ ಅಪ್ಪಯ್ಯಣ್ಣ. "ನಮ್ಮ ಮಷೀನು ಮಾರೋ ಅಂಗಡಿ ಇಟ್ಟವ್ರಲ್ಲ ಕುಂದಾಣದಾಗೆ, ಅವ್ರೇ. ಗಡ್ಡ ಬಿಟ್ಟಿದ್ರು, ಹೆಗಲ ಮ್ಯಾಲೆ ಬಿಳೀ ವಸ್ತ್ರ. ಅಪ್ಪ ಸತ್ತು ನಾಕು ದಿನ ಆಗಿಲ್ಲ, ಪಾಪ ಅಂತ ಒಳಿಕ್ಕೆ ಬಿಟ್ಟೆ. ಮೇಡಂ ಡಬ್ಬಿ ಮರ್ತು ಹೋಗವ್ರೆ ಅಂದ್ರು."

ಆದಿನಾರಾಯಣಪ್ಪನ ಬೆರಳು ಮುಂದಿನ ಕಾಲಮಿಗೆ ಸರಿಯಿತು. ವಾಹನದ ನಂಬರು. ಅಪ್ಪಯ್ಯಣ್ಣ ಅದನ್ನೂ ದುಂಡಗೆ ಬರೆದಿದ್ದ.

ಅದು ಆದಿನಾರಾಯಣಪ್ಪನದೇ ಸ್ಕೂಟರು.

ಹಾಲುತುಪ್ಪದ ಮಾರನೆಯ ಮಧ್ಯಾಹ್ನ. ಗೋಪಾಲಪ್ಪನ ಮನೆಯ ಚಪ್ಪರದ ಕೆಳಗೆ ನಾಲ್ಕಾರು ಜನ ಕೂತಿದ್ದರು. ಅವರಲ್ಲಿ ಆವಲಪ್ಪನೂ ಇದ್ದ. ಗೋಪಾಲಪ್ಪನ ಚಟ್ಟಕ್ಕೆ ಆದಿನಾರಾಯಣಪ್ಪನ ಎದುರಿನ ಹೆಗಲು ಕೊಟ್ಟವನು ಅವನೇ. ಹೊಸ ಯಂತ್ರಕ್ಕೆ ಮುಂಗಡ ಕೊಟ್ಟಿದ್ದೀನಿ, ಯಾವಾಗ ಬರತ್ತೆ ಎಂದು ಅಶೋಕನನ್ನು ಮೆಲ್ಲಗೆ ಕೇಳುತ್ತಿದ್ದ. ಹಳೆಯ ಲಾಟಿನವು ಸುಮ್ಮಸುಮ್ಮನೆ ನಿಲ್ಲುತ್ತವಂತಲ್ಲ ಎಂದೂ ಕೇಳಿದ. ಅಲುಗಾಡಿದರೆ ಸಾಕು, ಮುಚ್ಚಳ ತೆಗೆದರೆಂದು ತಿಳಿದು ನಿಂತುಬಿಡುತ್ತವಂತೆ. ಜನ ವಾಪಸು ತಂದು ಅಂಗಡಿ ಮುಂದೆ ಇಳಿಸುತ್ತಿದ್ದಾರಂತೆ. ಈ ಸಲ ಹಾಗಾಗಲ್ಲ ಎಂದಿದ್ದ ಅಶೋಕ. ಕಾಯುವ ಹೊತ್ತು ಹೆಚ್ಚಿಸಿದರೆ ಯಂತ್ರ ಅಲುಗಾಟಕ್ಕೆ ನಿಲ್ಲುವುದಿಲ್ಲ; ಹೆಂಡತಿ ಮಾಡುವುದನ್ನು ನೋಡಿ ನೋಡಿ ಅವನಿಗೆ ಅಷ್ಟು ತಿದ್ದಲು ಬರುತ್ತಿತ್ತು. ಆಮೇಲೆ ಎದ್ದು ಬಂದು, ಚಿಕ್ಕಪ್ಪ, ಸ್ಕೂಟರ್ ಕೀ ಕೊಡಿ, ಕವಿತಾನ ಕರ್ಕೊಂಡು ಬರ್ತೀನಿ, ಬಸ್ಸಲ್ಲಿ ಕಷ್ಟಪಡ್ತಾಳೆ ಎಂದ.

ಅಪ್ಪನಿಗೆ ಬೆಂಕಿಯಿಟ್ಟ ಮಗ ಹನ್ನೊಂದು ದಿನ ಹೊಸ್ತಿಲು ದಾಟಬಾರದು. ಆದಿನಾರಾಯಣಪ್ಪನಿಗೆ ಅದು ಗೊತ್ತಿತ್ತು. ಆದರೂ ಕೀ ಕೊಟ್ಟ. ಈ ದುಃಖದಲ್ಲೂ ಹೆಂಡತಿಯ ಚಿಂತೆ ಮಾಡುತ್ತಾನಲ್ಲ ಎಂದು ಅವನಿಗೆ ಅಷ್ಟು ಹೊತ್ತು ಸಮಾಧಾನವೂ ಆಗಿತ್ತು.

ಗೋಪಾಲಪ್ಪನಿಗೆ ಒಬ್ಬನೇ ಮಗ.

"ಅಣ್ಣ, ತಪ್ಪೇನಾದ್ರೂ ಐತಾ?" ಎಂದ ಅಪ್ಪಯ್ಯಣ್ಣ.

"ಇಲ್ಲ. ಎಲ್ಲ ಸರಿಯಾಗಿ ಬರೆದಿದ್ದೀಯ."

ಪುಸ್ತಕ ಹಿಡಿದುಕೊಂಡೇ ಗೇಟಿನ ಆಚೆಯ ಹೊಂಗೆಮರದ ಕೆಳಗೆ ಹೋಗಿ ನಿಂತ. ಫೋನಿನಲ್ಲಿ ಕವಿತಳ ನಂಬರು ಒತ್ತಿದ. ಮೂರು ವಾರದಿಂದ ಅವಳು ಪೊಲೀಸರಿಗೆ ಹೇಳಿದ್ದು ಒಂದೇ ಮಾತು: ನಾನು ತಿದ್ದಿಲ್ಲ. ಉಳಿದ ಯಾವ ಪ್ರಶ್ನೆಗೂ ಬಾಯಿ ಬಿಟ್ಟಿರಲಿಲ್ಲ. ಹೆದರಿದ್ದಾಳೆ ಎಂದುಕೊಂಡಿದ್ದ.

"ಹೇಳಿ ಮಾವ."

"ಕವಿತ, ಒಂದೇ ಕೇಳ್ತೀನಿ. ಹಾಲುತುಪ್ಪದ ಮಾರನೇ ದಿನ ನೀನು ಮನೆಗೆ ಹೇಗೆ ಬಂದೆ?"

ಆ ಕಡೆ ಹಸುವಿನ ಕೊರಳ ಗಂಟೆ. ಯಾವುದೋ ಪಾತ್ರೆ ಕೆಳಗಿಟ್ಟ ಸದ್ದು.

"ಬಸ್ಸಲ್ಲಿ."

"ನಿನ್ನನ್ನ ಕರ್ಕೊಂಡು ಬರೋದಕ್ಕೆ ಅಂತ ಅಶೋಕ ನನ್ನ ಸ್ಕೂಟರ್ ತಗೊಂಡು ಹೋಗಿದ್ದ."

ಉಸಿರು ಮಾತ್ರ ಕೇಳುತ್ತಿತ್ತು. ಅವನು ಕಾದ. ಠಾಣೆಯಲ್ಲಿ ಹೀಗೆ ಕಾಯುವುದನ್ನು ಕಲಿತಿದ್ದ. ಮೌನವನ್ನು ತುಂಬಲು ಎದುರಿನವರೇ ಮಾತಾಡುತ್ತಾರೆ.

"ಮಾವ," ಎಂದಳು ಕಡೆಗೆ. ದನಿ ಏರಲಿಲ್ಲ, ಇಳಿಯಲಿಲ್ಲ. "ಸಂಜೆ ಬಂದು ನನ್ನನ್ನೇ ಕರ್ಕೊಂಡು ಹೋಗ್ಲಿ ಬಿಡಿ. ಅತ್ತೆಗೆ ಏನೂ ಹೇಳ್ಬೇಡಿ. ಗಂಡನ್ನ ಕಳ್ಕೊಂಡು ಮೂರು ತಿಂಗಳು ಆಗಿದೆ ಅಷ್ಟೆ."

ಫೋನು ಕಟ್ಟಾಯಿತು.

ವೆಂಕಟರಮಣ ಎಂದ ನಾಲಗೆ. ಆದಿನಾರಾಯಣಪ್ಪ ಹೊಂಗೆಯ ಬೊಡ್ಡೆಗೆ ಕೈ ಆನಿಸಿದ. ಸೊಸೆಯನ್ನು ಉಳಿಸಿಕೊಡು ಎಂದವಳು ವರಲಕ್ಷ್ಮಮ್ಮ. ಯಾರನ್ನು ಕೊಟ್ಟು ಉಳಿಸಬೇಕೆಂದು ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಪಾಪಮ್ಮನ ಮನೆ ವರಲಕ್ಷ್ಮಮ್ಮನ ಬೀದಿಯಲ್ಲೇ, ನಾಲ್ಕು ಬಾಗಿಲು ಆಚೆ.

ಮುಖ್ಯರಸ್ತೆಯಿಂದ ಜೀಪು ಒಳಕ್ಕೆ ತಿರುಗಿತು. ಇನ್ನೂ ಮೂರೂವರೆ. ಅರ್ಧ ಗಂಟೆ ಮೊದಲೇ ಬಂದಿದ್ದಳು.

ಇನ್ಸ್‌ಪೆಕ್ಟರ್ ಪ್ರಿಯಾಂಕ ಇಳಿದು ಬಾಗಿಲು ಹಾಕಿದಳು. ಅವಳು ತರಬೇತಿಗೆ ಬಂದ ವರ್ಷ ಅವನು ಅದೇ ಠಾಣೆಯಲ್ಲಿದ್ದ. ಪಂಚನಾಮೆ ಬರೆಯುವುದನ್ನು ಕಲಿಸಿದ್ದ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರಿ ತಾಯಿ, ಯಾರಿಗೆ ನೋವಾಗತ್ತೆ ಅಂತ ನೋಡಬೇಡ ಎಂದು ಹೇಳಿಕೊಟ್ಟವನು ಅವನೇ.

"ನಮಸ್ಕಾರ ಸಾರ್. ನೀವು ಇಲ್ಲೇ ಇದ್ದೀರಿ ಅಂತ ಅಂಬರೀಶ್ ಫೋನ್ ಮಾಡಿದ್ರು. ಏನೋ ಸಿಕ್ಕಿದೆಯಂತೆ." ಅವಳ ಕಣ್ಣು ಅವನ ಕೈಗೆ ಹೋಯಿತು. "ಅದು ಹಳೇ ಗೇಟ್ ಪುಸ್ತಕ ಅಲ್ವಾ?"

"ಹೂಂ."

"ಕೊಡಿ ಸಾರ್," ಎಂದು ಅವಳು ಕೈ ಚಾಚಿದಳು.

ಪುಸ್ತಕದೊಳಗೆ ಜುಲೈ ಹದಿನೇಳರ ಪುಟದಲ್ಲಿ ಅವನ ಹೆಬ್ಬೆರಳು ಸಿಕ್ಕಿಕೊಂಡೇ ಇತ್ತು. ಅವನು ಬೆರಳನ್ನು ಈಚೆಗೆ ಎಳೆದುಕೊಳ್ಳದೆ, ಆ ಪುಟವೇ ತೆರೆದುಕೊಳ್ಳುವ ಹಾಗೆ ಪುಸ್ತಕವನ್ನು ಅವಳ ಕಡೆ ಚಾಚಿದ.